ಸುಮ್ಮನಾದ ಟ್ಯಾಪೆಟ್ಟು

ಹಳೆಯ ಕಾರುಗಳ ಗ್ಯಾರೇಜಿನಲ್ಲಿ ಕಣ್ತುಂಬ ನೋಡಬೇಕಾದ ಗಳಿಗೆ ಬರುವುದು ಸ್ಪ್ಯಾನರು ಕೈಗೆ ಬರುವುದಕ್ಕೂ ಮುಂಚೆ. ಬಾನೆಟ್ ಎತ್ತಿ ಕಡ್ಡಿ ಕೊಟ್ಟಾಗಿದೆ. ಎಂಜಿನ್ ಐಡ್ಲಿಂಗಿನಲ್ಲಿ ಅದುರುತ್ತಿದೆ. "ಪಿಕಪ್ಪೇ ಇಲ್ಲ ಮೇಸ್ತ್ರಿ, ಏರು ಬಂದ್ರೆ ಎಳೆಯೋದೇ ಇಲ್ಲ, ಜೊತೆಗೆ ಏನೋ ಟಕಟಕ ಅನ್ನುತ್ತೆ" ಎಂದು ಗಾಡಿಯವರು ತಮ್ಮ ದೂರು ಹೇಳಿ ಮುಗಿಸಿದ್ದಾರೆ. ಮೇಸ್ತ್ರಿ ಹೂಂ ಎನ್ನುವುದಿಲ್ಲ. ಮಡ್‌ಗಾರ್ಡಿನ ಮೇಲೆ ಒಂದು ಕೈ ಊರಿ, ಕತ್ತು ತುಸು ವಾಲಿಸಿ, ಎದುರಿನ ಗೋಡೆಯ ಕಡೆ ನೋಡುತ್ತ ನಿಂತುಬಿಡುತ್ತಾರೆ. ಹೊಸಬರಿಗೆ ಇವರು ಕಾರನ್ನೇ ಮರೆತರೇನೋ ಅನ್ನಿಸಬೇಕು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಕೂತ ಹುಡುಗನಿಗೆ, "ರೇಸ್ ಕೊಡೋ... ಬಿಡು... ಇನ್ನೊಂದ್ಸಲ ಕೊಡು." ಆಮೇಲೆ ತೀರ್ಪು. ಆ ಅಷ್ಟು ಹೊತ್ತಿನಲ್ಲಿ ಅವರ ಕಿವಿಯೊಳಗೆ ಏನೇನು ನಡೆಯಿತು ಎಂಬುದನ್ನು ಎಳೆಎಳೆಯಾಗಿ ಬಿಡಿಸಿಕೊಳ್ಳುವುದು, ನನ್ನ ಮಟ್ಟಿಗೆ, ಒಳ್ಳೆಯ ಕಛೇರಿಯೊಂದನ್ನು ಮನೆಗೆ ಬಂದು ಮೆಲುಕು ಹಾಕುವಷ್ಟೇ ಸುಖದ ಕೆಲಸ.

ಎಲ್ಲ ಕಾರೂ ಈ ಸುಖ ಕೊಡುವುದಿಲ್ಲ. ಇಂದಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಕರಿಯ ಪ್ಲಾಸ್ಟಿಕ್ಕಿನ ಮುಚ್ಚಳ. ಅದರ ಅಡಿಯಲ್ಲಿ ಎಂಜಿನ್ ಇದೆಯೆಂದು ನಂಬಿಕೊಳ್ಳಬೇಕು. ಕೇಳುವುದಕ್ಕೆ ಅಂಬಾಸಿಡರೇ ಆಗಬೇಕು, ಅದರಲ್ಲೂ ಹಳೆಯ ಪೆಟ್ರೋಲ್ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಕಾರು 1950ರ ದಶಕದ ಕೊನೆಗೆ ಬಂಗಾಳದ ಉತ್ತರಪಾಡಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ ಈ ಹೆಸರು ಪಡೆಯಿತು. 2014ರ ಮೇ ತಿಂಗಳವರೆಗೂ ಅಲ್ಲಿ ಅದನ್ನು ಮಾಡುತ್ತಲೇ ಇದ್ದರು. ವಿಧಾನಸೌಧದ ಮುಂದೆ ಬಿಳಿಯ ಸಾಲಾಗಿ ನಿಂತದ್ದೂ ಅದೇ, ಮಲೆನಾಡಿನ ಊರುಗಳಲ್ಲಿ ಮದುವೆಯ ದಿಬ್ಬಣವನ್ನು ಮಡಿಲ ಮೇಲೆ ಮಡಿಲಾಗಿ ತುಂಬಿಕೊಂಡು ಬಾಡಿಗೆಗೆ ಓಡಿದ್ದೂ ಅದೇ. ಬಹುಕಾಲ ಅದರ ಬಾನೆಟ್ಟಿನಡಿ ಇದ್ದದ್ದು 1489 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಬಿ ಸೀರೀಸ್ ವಂಶದ್ದು. 1955ರಲ್ಲಿ ಬಂದ ಎಂಜಿಎ ಎಂಬ ಚೆಂದದ ಸ್ಪೋರ್ಟ್ಸ್ ಕಾರಿಗೂ ಇದೇ 1489 ಸಿಸಿಯ ಎಂಜಿನ್ನನ್ನು ಹುರಿಗೊಳಿಸಿ ಕೂರಿಸಿದ್ದರು. ತಹಸೀಲ್ದಾರರ ಕಾರಿನ ದಾಯಾದಿ ರೇಸಿಗೆ ಹೋಗಿತ್ತು ಎಂದರೆ ನಗು ಬರುತ್ತದೆ, ಆದರೂ ನಿಜ.

ಈ ಎಂಜಿನ್ನಿನ ಬ್ಲಾಕು ಬೀಡುಕಬ್ಬಿಣ, ಮೇಲಿನ ಹೆಡ್ಡೂ ಬೀಡುಕಬ್ಬಿಣ. ಕ್ಯಾಮ್‌ಶಾಫ್ಟ್ ಇರುವುದು ಕೆಳಗೆ, ಬ್ಲಾಕಿನ ಪಕ್ಕದಲ್ಲಿ. ಮುಂಭಾಗದಲ್ಲಿ ಒಂದು ಚೈನು ಅದನ್ನು ತಿರುಗಿಸುತ್ತದೆ. ಕ್ಯಾಮಿನ ಉಬ್ಬು ಟ್ಯಾಪೆಟ್ಟನ್ನು ಎತ್ತಿ, ಟ್ಯಾಪೆಟ್ಟು ಪುಶ್‌ರಾಡನ್ನು ಎತ್ತಿ, ಪುಶ್‌ರಾಡು ರಾಕರನ್ನು ತಿವಿದು, ರಾಕರು ವಾಲ್ವನ್ನು ಒತ್ತಿ ತೆರೆಯಬೇಕು. ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುವ ಇಷ್ಟು ದೊಡ್ಡ ಸಂಸಾರ ಇರುವಲ್ಲಿ ಮಾತು ಇಲ್ಲದೆ ಇರುತ್ತದೆಯೇ? ಪ್ರತಿ ದಾಟಿಗೂ ಒಂದು ಸಂದು, ಪ್ರತಿ ಸಂದಿಗೂ ಒಂದು ಸದ್ದು. ಡೀಸೆಲ್ ಅಂಬಾಸಿಡರಿನ ಕತೆ ಬೇರೆ. ಅಲ್ಲಿ ಎಲ್ಲ ಸದ್ದುಗಳೂ ಒಂದೇ ದೊಡ್ಡ ಸದ್ದಿನೊಳಗೆ ತಲೆಮರೆಸಿಕೊಂಡಿರುತ್ತವೆ. ಅದನ್ನು ಕೇಳಿ ರೋಗ ಹೇಳುವ ಮೇಸ್ತ್ರಿಗಳಿಗೆ ನಮಸ್ಕಾರ ಹೇಳಿ ಮುಂದೆ ಹೋಗುತ್ತೇನೆ.

ಪಳಗಿದ ಕಿವಿ ಮೊದಲು ಹಿಡಿಯುವುದು ಸದ್ದಿನ ನಡೆಯನ್ನು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ಬಂದರೆ ಕ್ಯಾಮ್‌ಶಾಫ್ಟ್ ಬರುವುದು ಒಂದೇ ಸುತ್ತು. ಐಡ್ಲಿಂಗಿನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎನ್ನಿ. ಕ್ರ್ಯಾಂಕಿಗೆ ಅಂಟಿದ ಯಾವ ಸದ್ದೇ ಆದರೂ ಸೆಕೆಂಡಿಗೆ ಹದಿಮೂರು ಸಲ ಬಡಿಯುತ್ತದೆ. ವಾಲ್ವುಗಳ ಕಡೆಯ ಸದ್ದು ಅದರ ಅರ್ಧ, ಆರೂವರೆ ಏಳು ಸಲ. ಒಂದೇ ತಾಳ, ಎರಡು ಕಾಲ. ಮೇಲಿನ ಮನೆಯವರು ಮೊದಲನೆಯ ಕಾಲದಲ್ಲಿ ಹಾಡುತ್ತಾರೆ, ಕೆಳಗಿನ ಮನೆಯವರು ಎರಡನೆಯ ಕಾಲದಲ್ಲಿ. ಹದಿಮೂರನ್ನು ಎಣಿಸುವುದು ಯಾರಿಂದಲೂ ಆಗದು, ಎಣಿಸಬೇಕಾಗಿಯೂ ಇಲ್ಲ. ಆದಿತಾಳ ಹಾಕಿಕೊಂಡು ಕೂತವನಿಗೆ ಗಾಯಕ ಕಾಲ ಬದಲಾಯಿಸಿದ್ದು ತೊಡೆಯ ಮೇಲಿನ ಕೈಗೇ ಗೊತ್ತಾಗುತ್ತದಲ್ಲ, ಮೇಸ್ತ್ರಿಗೂ ಹಾಗೇ ಗೊತ್ತಾಗುತ್ತದೆ. ಗುಮಾನಿ ಉಳಿದರೆ ಟೈಮಿಂಗ್ ಲೈಟನ್ನು ಒಂದನೆಯ ಪ್ಲಗ್ಗಿನ ವಯರಿಗೆ ಸಿಕ್ಕಿಸುತ್ತಾರೆ. ಆ ದೀಪ ಮಿನುಗುವುದು ಕ್ರ್ಯಾಂಕಿನ ಎರಡು ಸುತ್ತಿಗೊಮ್ಮೆ. ಮಿನುಗಿಗೆ ಒಂದು ಬಡಿತ ಬಿದ್ದರೆ ಖಾಯಿಲೆ ಮೇಲೆ, ರಾಕರ್ ಕವರಿನ ಅಡಿಯಲ್ಲಿ. ಎರಡು ಬಿದ್ದರೆ ಕೆಳಗೆ. ಮೇಲಿನದಾದರೆ ಗಾಡಿಯವರ ಮುಖ ಅರಳಬಹುದು, ಕೆಳಗಿನದಾದರೆ ಬ್ಯಾಂಕಿನ ಪಾಸ್‌ಬುಕ್ ನೆನಪಾಗುತ್ತದೆ.

ಕೆಳಗಿನ ಸದ್ದುಗಳಲ್ಲೂ ಎಷ್ಟೊಂದು ಬಗೆ! ಬೆಳಗ್ಗೆ ತಣ್ಣಗಿರುವಾಗ ಪೊಳ್ಳು ಪೊಳ್ಳಾಗಿ ಕೇಳಿಸಿ, ಎಂಜಿನ್ ಬಿಸಿಯಾಗುತ್ತ ಬಂದಂತೆ ಕರಗುವುದು ಸವೆದ ಬೋರಿನಲ್ಲಿ ಪಿಸ್ಟನ್ ಅತ್ತಿತ್ತ ವಾಲಿ ಗೋಡೆಗೆ ತಾಗುವ ಸದ್ದು. ಪಿಸ್ಟನ್ನು ಕಾವಿಗೆ ಹಿಗ್ಗಿತು, ಜಾಗ ತುಂಬಿತು, ಸದ್ದು ನಿಂತಿತು. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ನೋಡಿದರೆ ಕೆಲವು ನಿಮಿಷ ಅದು ಬಾಯಿ ಮುಚ್ಚುತ್ತದೆ. ಅಲ್ಲಿಗೆ ಸಾಕ್ಷಿ ಸಿಕ್ಕಿದ ಹಾಗೆ. ಇಂಥ ಕಾರನ್ನು ವರ್ಷಗಟ್ಟಲೆ ಓಡಿಸಿದವರಿದ್ದಾರೆ. ಗಜನ್ ಪಿನ್ ಸಡಿಲವಾದರೆ ಐಡ್ಲಿಂಗಿನಲ್ಲಿ ಟಕ್ಟಕ್ ಎಂದು ಜೋಡಿ ಪೆಟ್ಟು ಬೀಳುತ್ತದೆ, ಚುರುಕಾಗಿ, ಸಣ್ಣಗೆ. ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದ್ದರೆ ಐಡ್ಲಿಂಗಿನಲ್ಲಿ ಅಷ್ಟಾಗಿ ಗೊತ್ತಾಗದು. ಮಧ್ಯದ ವೇಗಕ್ಕೆ ಎಬ್ಬಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಠಣಠಣ ಎಂದು ಉದುರುತ್ತದೆ. ಮೇಸ್ತ್ರಿ ಹುಡುಗನಿಗೆ 'ಕೊಡು, ಬಿಡು' ಎಂದದ್ದರಲ್ಲಿ ಅವರು ಕಾಯುತ್ತಿದ್ದದ್ದು ಆ 'ಬಿಡು'ವಿಗೆ. ಮೇನ್ ಬೇರಿಂಗಿನದು ಗದ್ದಲವಿಲ್ಲದ ಭಾರದ ಗುದ್ದು, ಎಳೆಯುವಾಗ ಮಾತ್ರ. ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತದೆ.

ಯಾವ ಸಿಲಿಂಡರಿನದು ಎಂದು ಕಂಡುಹಿಡಿಯುವ ಉಪಾಯ ಇನ್ನೂ ಸೊಗಸು. ಎಂಜಿನ್ ಓಡುತ್ತಿರುವಾಗಲೇ ಒಂದೊಂದಾಗಿ ಪ್ಲಗ್ಗಿನ ವಯರನ್ನು ಎಳೆದು ಮತ್ತೆ ಹಾಕುತ್ತಾ ಹೋಗುತ್ತಾರೆ. ಬೆಂಕಿ ನಿಂತ ಸಿಲಿಂಡರಿನ ರಾಡಿನ ಮೇಲೆ ಭಾರ ಇಲ್ಲ, ಆದ್ದರಿಂದ ಅದರ ಬಡಿತ ಮೆತ್ತಗಾಗುತ್ತದೆ. ಇದೇ ಉಪಾಯ ಪಿಕಪ್ಪಿನ ದೂರಿಗೂ ನಡೆಯುತ್ತದೆ, ಅಲ್ಲಿ ಮಾತ್ರ ತಲೆಕೆಳಗಾಗಿ: ವಯರು ಎಳೆದಾಗ ಎಂಜಿನ್ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ, ಏನೂ ಆಗಲಿಲ್ಲ ಎಂದರೆ ಅದು ಮೊದಲಿನಿಂದಲೂ ಸುಮ್ಮನೆ ಕೂತು ಉಣ್ಣುತ್ತಿತ್ತು. ಒಂದೇ ಕೈಚಳಕದಲ್ಲಿ ಎರಡು ಪ್ರಶ್ನೆಗೆ ಉತ್ತರ. ಸದ್ದು ಮತ್ತು ಸೋತ ಎಳೆತ ಎರಡನ್ನೂ ಒಟ್ಟಿಗೆ ಓದುವವರು ಒಳ್ಳೆಯ ಮೇಸ್ತ್ರಿ. ಸದ್ದಿಗೊಂದು ಬಿಲ್ಲು, ಪಿಕಪ್ಪಿಗೊಂದು ಬಿಲ್ಲು ಮಾಡುವವರು ಬೇರೆ ಜಾತಿ.

ಎರಡನ್ನೂ ಒಂದೇ ದಾರದಲ್ಲಿ ಕಟ್ಟುವ ಖಾಯಿಲೆಗಳಲ್ಲಿ ನನಗೆ ಬಲು ಇಷ್ಟದ್ದು ಟೈಮಿಂಗ್ ಚೈನಿನದು. ಚೈನು ಸವೆದು ಉದ್ದವಾಯಿತು ಎನ್ನಿ. ಮುಂದಿನ ಕವರಿಗೆ ತಾಗಿ ಗರಗರ ಎನ್ನುತ್ತದೆ, ಇದು ಸದ್ದಿನ ಕಡೆ. ಕ್ಯಾಮ್‌ಶಾಫ್ಟ್ ಕ್ರ್ಯಾಂಕಿಗಿಂತ ಹಿಂದೆ ಬೀಳುತ್ತದೆ, ವಾಲ್ವುಗಳು ತಡವಾಗಿ ತೆರೆಯುತ್ತವೆ. ಅಷ್ಟಕ್ಕೇ ಮುಗಿಯಲಿಲ್ಲ. ಡಿಸ್ಟ್ರಿಬ್ಯೂಟರು, ಗ್ಯಾರೇಜಿನ ಮಾತಿನಲ್ಲಿ ಡೆಲ್ಕೊ, ತಿರುಗುವುದೂ ಅದೇ ಕ್ಯಾಮ್‌ಶಾಫ್ಟಿನಿಂದ. ಹಾಗಾಗಿ ಕಿಡಿಯೂ ತಡ. ಉಸಿರೂ ತಡ, ಕಿಡಿಯೂ ತಡ. ಕಾರು ಎಳೆಯುವುದು ಹೇಗೆ? ಡ್ರೈವರು ತಿಂಗಳಿಗೊಮ್ಮೆ ಡೆಲ್ಕೊ ತಿರುಗಿಸಿ ಕಿಡಿಯನ್ನಷ್ಟೇ ಸರಿಮಾಡಿಕೊಂಡು ಓಡಿಸುತ್ತಿರುತ್ತಾನೆ, ಚೈನು ಮುಂದಿನಿಂದ ತನ್ನ ಗರಗರವನ್ನು ಹೇಳುತ್ತಲೇ ಇರುತ್ತದೆ.

ವೇಷ ಹಾಕಿ ಬರುವ ಸದ್ದುಗಳೂ ಇವೆ. ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಎಲ್ಲೋ ಒಂದು ಕಡೆ ಸೀಳಿದ್ದರೆ ಬರುವ ಚಿಟಿಚಿಟಿ ಥೇಟು ಟ್ಯಾಪೆಟ್ಟಿನದೇ. ಅದನ್ನು ನಂಬಿ ಟ್ಯಾಪೆಟ್ ಬಿಗಿ ಮಾಡಲು ಹೊರಟವರಿಗೆ ಲೆಕ್ಕವಿಲ್ಲ. ಬೇರ್ಪಡಿಸುವ ಗುಟ್ಟು ಇಷ್ಟೇ: ಟ್ಯಾಪೆಟ್ಟಿಗೆ ಭಾರದ ಪರಿವೆ ಇಲ್ಲ, ಏರಿನಲ್ಲೂ ಇಳಿಜಾರಿನಲ್ಲೂ ಒಂದೇ ದನಿ. ಸೋರುವ ಗ್ಯಾಸ್ಕೆಟ್ಟು ಎಳೆಯುವಾಗ ಕಿರುಚುತ್ತದೆ, ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ದನಿ ತಗ್ಗಿಸುತ್ತದೆ. ಒಂದು ಗಜ ರಬ್ಬರ್ ಪೈಪಿನ ತುದಿಯನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡಿನ ಉದ್ದಕ್ಕೂ ಆಡಿಸಿದರೆ ಸೋರುವ ಜಾಗ ಬಂದಾಗ ಕಿವಿಗೆ ಉಫ್ ಎಂದು ಊದಿದ ಹಾಗಾಗುತ್ತದೆ. ಒಳಗಿನ ಬೇರಿಂಗಿಗೆ ಪೈಪು ಸಾಲದು, ಉದ್ದನೆಯ ಸ್ಕ್ರೂ ಡ್ರೈವರು ಬೇಕು. ಅದರ ಮೂತಿಯನ್ನು ವಾಟರ್ ಪಂಪಿಗೋ ಡೈನಮೋಗೋ ಊರಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿದರೆ ಉಳಿದ ಊರೆಲ್ಲ ಮೌನ, ಅದೊಂದರ ಮಾತು ಮಾತ್ರ ಎದುರಿಗೆ. ಫ್ಯಾನಿನ ಹತ್ತಿರ ತಲೆ ಬಗ್ಗಿಸುವವರು ಕೊರಳಿನ ಟವೆಲ್ಲನ್ನು ಮೊದಲು ತೆಗೆದಿಡಬೇಕು, ಇದು ರಸಾಸ್ವಾದಕ್ಕೂ ಮುಂಚಿನ ಪಾಠ.

ಏರಿನಲ್ಲಿ ಕೇಳುವ ನಾಕಿಂಗಿನ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಆಗುಂಬೆಯೋ ಚಾರ್ಮಾಡಿಯೋ ಹತ್ತುವಾಗ, ಮೂರನೆಯ ಗೇರಿನಲ್ಲೇ ಎಳೆಸಿಬಿಡೋಣ ಎಂದು ಡ್ರೈವರು ಹಟ ಹಿಡಿದಾಗ, ಬಾನೆಟ್ಟಿನೊಳಗೆ ಯಾರೋ ಚಿಲ್ಲರೆ ಚೆಲ್ಲಿದಂಥ ಚಿಣಿಚಿಣಿ ಏಳುತ್ತದೆ. ಇದಕ್ಕೆ ಯಾವ ಸಡಿಲ ಭಾಗವೂ ಕಾರಣವಲ್ಲ. ಕಿಡಿ ಹೊತ್ತಿಸಿದ ಜ್ವಾಲೆ ಸಿಲಿಂಡರಿನ ಆಚೆಯ ಮೂಲೆಗೆ ತಲುಪುವ ಮೊದಲೇ, ಅಲ್ಲಿ ಒತ್ತಡಕ್ಕೆ ಸಿಕ್ಕಿ ಕಾದಿದ್ದ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಆ ಸಿಡಿತದ ಅಲೆ ಗೋಡೆಯಿಂದ ಗೋಡೆಗೆ ಬಡಿದು ಸಿಲಿಂಡರೇ ಮಿಡಿಯುತ್ತದೆ. ನಮ್ಮ ಕಿವಿಗೆ ಬೀಳುವ ಚಿಣಿಚಿಣಿ ಅದೇ. ಕಿಡಿ ಬೇಗ ಬೀಳುತ್ತಿದ್ದರೂ ಆಗುತ್ತದೆ, ಹೆಡ್ಡಿನಲ್ಲಿ ಇದ್ದಿಲು ಕಟ್ಟಿದ್ದರೂ, ಎಂಜಿನ್ ಕಾಯ್ದಿದ್ದರೂ ಆಗುತ್ತದೆ. ಒಂದು ಗೇರು ಇಳಿಸಿದರೆ ನಿಲ್ಲುತ್ತದೆ. ಹಳೆಯ ಡ್ರೈವರುಗಳು ಬೇಕೆಂದೇ ಏರಿನಲ್ಲಿ ಒಂದಿಷ್ಟು ಚಿಣಿಚಿಣಿ ಬರಿಸಿ, ಅಲ್ಲಿಂದ ಡೆಲ್ಕೊವನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಬಿಗಿ ಮಾಡುತ್ತಿದ್ದರು. ಮೀಟರು ಬೇಕಿರಲಿಲ್ಲ, ಘಾಟಿಯೇ ಮೀಟರು. ಈಗಿನ ಕಾರುಗಳಲ್ಲೂ ಬ್ಲಾಕಿಗೆ ಒಂದು ಪುಟ್ಟ ನಾಕ್ ಸೆನ್ಸರನ್ನು ಬಿಗಿದಿರುತ್ತಾರೆ. ಅದು ಮಾಡುವುದೂ ಇದನ್ನೇ, ಆ ಮಿಡಿತವನ್ನು ಹಿಡಿದು ಕಂಪ್ಯೂಟರಿಗೆ ಹೇಳುವುದು. ಕಂಪ್ಯೂಟರು ಕಿಡಿಯನ್ನು ಹಿಂದಕ್ಕೆ ಸರಿಸುತ್ತದೆ. ಕಾರಿನವರಿಗೆ ವಿಷಯವೇ ಗೊತ್ತಾಗುವುದಿಲ್ಲ. ಪಾಪ ಅನ್ನಿಸುತ್ತದೆ.

ಈ ಚಿಣಿಚಿಣಿಯನ್ನು ಅಡಗಿಸಲು ಜಗತ್ತು ತೆತ್ತ ಬೆಲೆ ದೊಡ್ಡದು. ಅಮೆರಿಕದ ಡೇಟನ್ನಿನಲ್ಲಿ, ಜನರಲ್ ಮೋಟರ್ಸಿನ ಪ್ರಯೋಗಾಲಯದಲ್ಲಿ, ಥಾಮಸ್ ಮಿಜ್ಲಿ 1921ರ ಡಿಸೆಂಬರಿನಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಇಂಧನಕ್ಕೆ ತೊಟ್ಟು ಬೆರೆಸಿ ನೋಡಿದ, ನಾಕಿಂಗು ಮಾಯ. ಹಲವು ದಶಕ ಊರೂರಿನ ಗಾಳಿಗೆ ಸೀಸ ಸುರಿಯಿತು, ಮಕ್ಕಳ ರಕ್ತಕ್ಕೂ ಸೇರಿತು. ಭಾರತದಲ್ಲಿ 2000ದ ಫೆಬ್ರುವರಿಯ ಹೊತ್ತಿಗೆ ಸೀಸದ ಪೆಟ್ರೋಲು ದೇಶದಾದ್ಯಂತ ನಿಂತಿತು. ನಿಲ್ಲಲೇಬೇಕಿತ್ತು. ಆದರೆ ಬೀಡುಕಬ್ಬಿಣದ ಹೆಡ್ಡಿನ ಅಂಬಾಸಿಡರಿಗೆ ಆ ಸೀಸ ಯಾರೂ ಕೇಳದ ಇನ್ನೊಂದು ಉಪಕಾರ ಮಾಡುತ್ತಿತ್ತು. ಉರಿದು ಉಳಿದ ಅದರ ತೆಳ್ಳನೆಯ ಪದರ ಎಗ್ಸಾಸ್ಟ್ ವಾಲ್ವು ಮತ್ತು ಅದು ಕೂರುವ ಸೀಟಿನ ನಡುವೆ ಮೆತ್ತೆಯಾಗಿ ಕೂತಿರುತ್ತಿತ್ತು. ಈ ಹೆಡ್ಡಿನಲ್ಲಿ ಸೀಟು ಬೇರೆ ಲೋಹದ್ದಲ್ಲ, ಹೆಡ್ಡಿನ ಕಬ್ಬಿಣವನ್ನೇ ಕೊರೆದು ಮಾಡಿದ್ದು. ಮೆತ್ತೆ ಹೋದ ಮೇಲೆ ಹೆದ್ದಾರಿಯ ಓಟದಲ್ಲಿ ಕೆಂಪಗೆ ಕಾದ ವಾಲ್ವು ಸೀಟಿಗೆ ಚೂರುಚೂರೇ ಅಂಟಿ, ಕಿತ್ತು, ಅಂಟಿ, ಕಿತ್ತು, ಸೀಟು ಸವೆಯುತ್ತದೆ. ವಾಲ್ವು ಹೆಡ್ಡಿನೊಳಕ್ಕೆ ಇಳಿಯುತ್ತದೆ.

ಇಲ್ಲಿಂದ ಮುಂದೆ ಕತೆಗೆ ಒಂದು ತಿರುವು ಇದೆ, ನಾನು ಇಷ್ಟೆಲ್ಲ ಬರೆಯುತ್ತಿರುವುದೇ ಅದಕ್ಕಾಗಿ. ವಾಲ್ವು ಸೀಟಿನೊಳಕ್ಕೆ ಇಳಿದರೆ ಅದರ ಇನ್ನೊಂದು ತುದಿ ರಾಕರಿನ ಕಡೆಗೆ ಏರುತ್ತದೆ. ಅವೆರಡರ ನಡುವೆ ಬಿಟ್ಟಿದ್ದ ಸಂದು ಕಡಿಮೆಯಾಗುತ್ತದೆ. ಅಂಬಾಸಿಡರಿನ ಈ ಎಂಜಿನ್ನಿಗೆ ಆ ಸಂದು 15 ಥೌ, ಎಂದರೆ ಇಂಚಿನ ಸಾವಿರದಲ್ಲಿ ಹದಿನೈದು ಪಾಲು. ಟ್ಯಾಪೆಟ್ಟಿನ ಸದ್ದು ಎನ್ನುವ ಅಂಬಾಸಿಡರಿನ ಟಿಕಿಟಿಕಿ ಹುಟ್ಟುವುದೇ ಈ ಸಂದಿನಲ್ಲಿ. ಸಂದು ಕಿರಿದಾದಷ್ಟೂ ಟಿಕಿಟಿಕಿ ಇಳಿಯುತ್ತದೆ. ಗಾಡಿಯವರಿಗೆ ಸಂತೋಷ, "ಈಚೆಗೆ ಎಂಜಿನ್ ಎಷ್ಟು ಸ್ಮೂತಾಗಿದೆ ನೋಡಿ!" ಸಂದು ಪೂರ್ತಿ ಮುಗಿದ ದಿನ ವಾಲ್ವು ಸೀಟಿನ ಮೇಲೆ ಸರಿಯಾಗಿ ಕೂರಲಾರದು. ಎಗ್ಸಾಸ್ಟ್ ವಾಲ್ವು ತನ್ನ ಕಾವಿನ ಬಹುಪಾಲನ್ನು ಇಳಿಸಿಕೊಳ್ಳುವುದು ಸೀಟಿನ ಮೇಲೆ ಕೂತ ಆ ಅರೆಗಳಿಗೆಯಲ್ಲಿ. ಕೂರಲು ಬಿಡದಿದ್ದರೆ ಅದರ ಅಂಚು ಸುಡುತ್ತದೆ, ಕಚ್ಚು ಬೀಳುತ್ತದೆ, ಆ ಕಚ್ಚಿನಿಂದ ಬೆಂಕಿ ಜಾರುತ್ತದೆ, ಕಂಪ್ರೆಷನ್ ಸೋರುತ್ತದೆ. ಪಿಕಪ್ ಹೋಯಿತು. ಹೋದದ್ದು ಸದ್ದು ಮಾಡಿಕೊಂಡಲ್ಲ, ಸದ್ದನ್ನು ಒಂದೊಂದೇ ಥೌ ಕಳೆದುಕೊಂಡು.

ಆದ್ದರಿಂದಲೇ ಹಳೆಯ ಮೇಸ್ತ್ರಿಗಳು ಟಿಕಿಟಿಕಿ ಎನ್ನುವ ಎಂಜಿನ್ನಿಗೆ ಅಂಜುವುದಿಲ್ಲ. ಎಂಟು ವಾಲ್ವುಗಳಲ್ಲಿ ಆರೋ ಏಳೋ ಮಾತ್ರ ಮಾತಾಡುತ್ತಿದ್ದರೆ ಅವರ ಹುಬ್ಬು ಗಂಟಿಕ್ಕುತ್ತದೆ. ಇದ್ದ ಸದ್ದನ್ನು ಕೇಳುವುದು ಅಭ್ಯಾಸದಿಂದ ಬರುತ್ತದೆ. ಇರಬೇಕಾದ ಸದ್ದು ಇಲ್ಲದ್ದನ್ನು ಕೇಳುವುದಕ್ಕೆ ಆ ಎಂಜಿನ್ನಿನ ಪೂರ್ಣ ದನಿ ಮೈಗೆ ಹತ್ತಿರಬೇಕು. ಗೋಡೆ ನೋಡುತ್ತ ನಿಂತ ಮೇಸ್ತ್ರಿ ಮನಸ್ಸಿನೊಳಗೆ ಸರಿಯಾದ ಅಂಬಾಸಿಡರ್ ಒಂದನ್ನು ಓಡಿಸಿಕೊಂಡು, ಎದುರಿಗಿರುವುದನ್ನು ಅದರ ಪಕ್ಕದಲ್ಲಿಟ್ಟು ತಾಳೆ ನೋಡುತ್ತಿರುತ್ತಾರೆ ಎಂದು ನನ್ನ ಅನುಮಾನ. ಕೇಳಿದರೆ ಒಪ್ಪಲಾರರು. "ಏನಿಲ್ಲ ಸಾರ್, ನಾಲ್ಕನೇದು ವಾಲ್ವ್ ಹೋಗಿದೆ" ಅಷ್ಟೇ.

ಪಿಕಪ್ ಇಲ್ಲದ್ದಕ್ಕೆಲ್ಲ ಎಂಜಿನ್ನೇ ಹೊಣೆಯಲ್ಲ ಎಂಬುದನ್ನೂ ಹೇಳಿಬಿಡಬೇಕು. ಬ್ರೇಕು ಹಿಡಿದುಕೊಂಡಿರಬಹುದು, ಚಕ್ರದ ಡ್ರಮ್ಮು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಕ್ಲಚ್ ಜಾರುತ್ತಿರಬಹುದು. ಆಕ್ಸಿಲರೇಟರನ್ನು ಪೂರ್ತಿ ತುಳಿದರೂ ಕಾರ್ಬುರೇಟರಿನ ಬಾಗಿಲು ಮುಕ್ಕಾಲೇ ತೆರೆಯುತ್ತಿರಬಹುದು, ಮ್ಯಾಟು ಅಡ್ಡ ಬಂದು. ಊರೂ ಕಾರಣವಾದೀತು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಎಂಜಿನ್ನಿನ ಕಸುವೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಕರಾವಳಿಯಿಂದ ಕಾರು ಕೊಂಡು ತಂದವರು ದಾರಿಯಲ್ಲಿ ಏನೋ ಹಾಳಾಯಿತೆಂದು ಗಾಬರಿಯಾಗುವುದುಂಟು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಎಥನಾಲ್. ಲೀಟರಿಗೆ ಲೀಟರು ಎಥನಾಲಿನ ಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡು ಪಾಲು. ಹಳೆಯ ಜೆಟ್ಟಿನ ಕಾರ್ಬುರೇಟರಿಗೆ ಈ ಹೊಸ ದ್ರವದ ಅಂದಾಜಿಲ್ಲ, ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮು ಮೆತ್ತಗಾಗುತ್ತವೆ. ಒಂದು ಸಮಾಧಾನ: ಏರಿನ ಚಿಣಿಚಿಣಿ ಕಡಿಮೆಯಾಗುತ್ತದೆ. ಬೇಸಗೆಯಲ್ಲಿ ಪೆಟ್ರೋಲ್ ಪಂಪು ಕಾಯ್ದು ಒಳಗಿನ ಪೆಟ್ರೋಲು ಆವಿಯಾಗಿ ಕಾರು ನಡುದಾರಿಯಲ್ಲಿ ನಿಲ್ಲುವುದು ಈ ವಂಶದ ಹಳೆಯ ಚಾಳಿ. ಪಂಪಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಓಡುವ ಟ್ಯಾಕ್ಸಿಗಳನ್ನು ನೋಡಿದವರಿಗೆ ವಿವರಣೆ ಬೇಡ.

ಕಿಡಿಯ ಕಡೆ ನೋಡುವಾಗ ಕಣ್ಣಿಗೂ ಹಬ್ಬ. ಡೆಲ್ಕೊ ಮುಚ್ಚಳ ತೆಗೆದು, ಪಾಯಿಂಟನ್ನು ಸ್ಕ್ರೂ ಡ್ರೈವರಿನಿಂದ ಚಿಮ್ಮಿಸಿ, ಕಾಯಿಲಿನ ವಯರನ್ನು ಬ್ಲಾಕಿನ ಹತ್ತಿರ ಹಿಡಿದರೆ ಹಾರುವ ಕಿಡಿ ನೀಲಿಯಾಗಿ ಚಟ್ಟೆನ್ನಬೇಕು. ಹಳದಿಯಾಗಿ ಸೊರಗಿದ್ದರೆ ಕಂಡೆನ್ಸರಿನ ಮೇಲೆ ಗುಮಾನಿ. ಡೆಲ್ಕೊಗೆ ಅಂಟಿದ ವ್ಯಾಕ್ಯೂಮ್ ಡಬ್ಬಿಯ ಕೊಳವೆಯನ್ನು ಮೇಸ್ತ್ರಿ ಬಾಯಲ್ಲಿಟ್ಟು ಹೀರಿ, ನಾಲಿಗೆಯಿಂದ ಮುಚ್ಚಿ ಕಾಯುತ್ತಾರೆ. ಒಳಗಿನ ತಟ್ಟೆ ಸರಿದು ಅಲ್ಲೇ ನಿಂತರೆ ಡಯಾಫ್ರಮ್ ಸರಿ. ನಾಲಿಗೆಯ ಮೇಲಿನ ಹಿಡಿತ ಜಾರಿದರೆ ತೂತು. ಕಿವಿ, ಕಣ್ಣು, ಪಾದ ಆಯಿತು, ಈಗ ನಾಲಿಗೆಯೂ ಕೆಲಸಕ್ಕೆ ಬಂತು. ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟರೆ ನಾಲ್ಕು ಸಿಲಿಂಡರಿನ ಜಾತಕ ಎದುರಿಗೆ ಬಂತು. ನಮ್ಮ ಕಡೆ ಆಗೆಲ್ಲ ಅವು ಬಹುಪಾಲು ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿಯವೇ ಆಗಿರುತ್ತಿದ್ದವು. ತಿಳಿ ಕಂದಾದರೆ ಆರೋಗ್ಯ, ಮಸಿಯಾದರೆ ಪೆಟ್ರೋಲು ಹೆಚ್ಚು, ಸುಣ್ಣದ ಬಿಳುಪಾದರೆ ಕಡಿಮೆ, ಎಣ್ಣೆಯಲ್ಲಿ ಮಿಂದಿದ್ದರೆ ರಿಂಗೋ ವಾಲ್ವ್ ಗೈಡೋ ಹೋಗಿದೆ.

ಸುಟ್ಟ ವಾಲ್ವನ್ನು ಹೆಡ್ ಬಿಚ್ಚದೆ ಹಿಡಿಯುವ ಬಗೆಗಳಲ್ಲಿ ನನಗೆ ವ್ಯಾಕ್ಯೂಮ್ ಗೇಜಿನದು ಎಲ್ಲಕ್ಕಿಂತ ಮೆಚ್ಚು. ಇನ್ಟೇಕ್ ಮ್ಯಾನಿಫೋಲ್ಡಿಗೆ ಅದರ ಪೈಪು ಸಿಕ್ಕಿಸಿದರೆ ಎಂಜಿನ್ ಎಷ್ಟು ಬಲವಾಗಿ ಉಸಿರೆಳೆಯುತ್ತಿದೆ ಎಂದು ಮುಳ್ಳು ತೋರಿಸುತ್ತದೆ. ಸಮುದ್ರಮಟ್ಟದಲ್ಲಿ 17ರಿಂದ 21 ಇಂಚು ಪಾದರಸ. ಸಾವಿರ ಅಡಿ ಮೇಲೇರಿದರೆ ಒಂದಿಂಚು ಕಳೆಯಬೇಕು, ಬೆಂಗಳೂರಿಗಾದರೆ ಮೂರು. ಅಂಕಿಗಿಂತ ಮುಳ್ಳಿನ ನಡತೆ ಮುಖ್ಯ. ಕೆಳಮಟ್ಟದಲ್ಲಿ ಅಲುಗದೆ ನಿಂತಿದ್ದರೆ ಕಿಡಿ ತಡವಾಗಿದೆ. ಐಡ್ಲಿಂಗಿನಲ್ಲಿ ಪಟಪಟ ನಡುಗಿ, ವೇಗ ಏರಿಸಿದಾಗ ನಿಂತರೆ ವಾಲ್ವ್ ಗೈಡು ಸವೆದಿದೆ. ವೇಗವನ್ನು ಒಂದೇ ಸಮ ಹಿಡಿದಿದ್ದರೂ ಮುಳ್ಳು ನಿಧಾನ ಇಳಿಯುತ್ತ ಬಂದರೆ ಸೈಲೆನ್ಸರ್ ಕಟ್ಟಿಕೊಂಡಿದೆ. ಸುಟ್ಟ ವಾಲ್ವಿನದು ಬೇರೆಯೇ: ನೆಟ್ಟಗೆ ನಿಂತ ಮುಳ್ಳು ಕ್ರಮ ತಪ್ಪದೆ, ಎರಡು ಸುತ್ತಿಗೊಂದು ಸಲ, ಥಟ್ಟನೆ ಕುಸಿದು ಮೇಲೇಳುತ್ತದೆ. ಕಿವಿ ಕೇಳಿದ ಮೊದಲನೆಯ ಕಾಲವನ್ನೇ ಮುಳ್ಳು ಈಗ ಕಣ್ಣಿಗೆ ತೋರಿಸುತ್ತಿದೆ. ಗೇಜು ಇಲ್ಲದ ಕಡೆ ಸೈಲೆನ್ಸರಿನ ಬಾಯಿಗೆ ಒಂದು ತುಂಡು ಕಾಗದ ಹಿಡಿಯುತ್ತಾರೆ. ಅದು ಹೊರಕ್ಕೇ ಪಟಪಟಿಸುತ್ತಿರಬೇಕು. ಆಗಾಗ ಒಳಕ್ಕೆ ಹೀರಿಕೊಂಡರೆ ಒಂದು ವಾಲ್ವು ಮುಚ್ಚುತ್ತಿಲ್ಲ. ಇನ್ನೂ ಸರಳವಾದದ್ದು ಮುಂದಿನ ಬಂಪರಿನ ತೂತಿನಲ್ಲಿ ಹಾಕಿ ತಿರುಗಿಸುವ ಹ್ಯಾಂಡಲ್. ಅರ್ಧ ಸುತ್ತಿಗೊಂದು ಸಿಲಿಂಡರ್ ಕೈಯನ್ನು ತಡೆಯಬೇಕು. ಮೂರು ಸಲ ತಡೆದು ನಾಲ್ಕನೆಯದು ಸಲೀಸಾಗಿ ಜಾರಿತೆಂದರೆ ರಟ್ಟೆಯೇ ಸಾಕ್ಷಿ. ಕಂಪ್ರೆಷನ್ ಗೇಜು ಕೊನೆಯ ಮಾತು ಹೇಳುತ್ತದೆ: ಎಣ್ಣೆ ಬಿಟ್ಟ ಮೇಲೆ ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವು, ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಸೋತಿದ್ದರೆ ಹೆಡ್ ಗ್ಯಾಸ್ಕೆಟ್.

ಹೆಡ್ ಬಿಚ್ಚಿದ ಮೇಲೆ ಹೇಳುವುದು ಹೆಚ್ಚಿಲ್ಲ, ಒಂದು ಕೆಲಸದ ಹೊರತು. ಗಟ್ಟಿ ಲೋಹದ ಸೀಟುಗಳನ್ನು ಮಷೀನ್ ಶಾಪಿನಲ್ಲಿ ಕೂರಿಸಿಕೊಂಡು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿ ತಂದ ವಾಲ್ವನ್ನು ಆ ಸೀಟಿಗೆ ಪೇಸ್ಟು ಹಚ್ಚಿ ತಿಕ್ಕಿ ಕೂಡಿಸಬೇಕು. ತುದಿಯಲ್ಲಿ ರಬ್ಬರಿನ ಬಟ್ಟಲಿರುವ ಒಂದು ಕೋಲು. ಅದನ್ನು ಎರಡು ಅಂಗೈ ನಡುವೆ ಅತ್ತಿತ್ತ ಹೊರಳಿಸುವುದು, ಎತ್ತುವುದು, ಕಾಲು ಸುತ್ತು ತಿರುಗಿಸಿ ಮತ್ತೆ ಇಳಿಸುವುದು. ಮೊದಲು ಕರಕರ ಎನ್ನುವ ಪೇಸ್ಟು ಸವೆಯುತ್ತ ಸವೆಯುತ್ತ ಸರಸರಕ್ಕೆ ಬರುತ್ತದೆ. ಆಗ ನಿಲ್ಲಿಸಿ ಒರೆಸಿದರೆ ವಾಲ್ವಿನ ಸುತ್ತ ಎಲ್ಲೂ ಕಡಿಯದ ಬೂದು ಬಣ್ಣದ ಉಂಗುರ. ಮೇಲೆ ಸೀಮೆಎಣ್ಣೆ ಹಾಕಿ ಬಿಟ್ಟು, ಚಹಾ ಕುಡಿದು ಬಂದು ನೋಡಿದರೆ ಕೆಳಗೆ ತೇವವಿರಬಾರದು. ಡ್ರಿಲ್ಲಿಗೆ ಸಿಕ್ಕಿಸಿ ಗಿರ್ರನೆ ತಿರುಗಿಸಿ ಮುಗಿಸುವವರೂ ಇದ್ದಾರೆ. ನನಗೆ ಅದು ಸೇರದು.

ಎಲ್ಲ ಜೋಡಿಸಿ ಟ್ಯಾಪೆಟ್ ಇಡುವಾಗ, ಎಂದರೆ ಆ ಸಂದುಗಳನ್ನು ಹೊಂದಿಸುವಾಗ, ಒಂಬತ್ತರ ಲೆಕ್ಕ. ಎಂಟನೆಯ ವಾಲ್ವು ಪೂರ್ತಿ ತೆರೆದಿದ್ದಾಗ ಒಂದನೆಯದನ್ನು ಅಳೆಯಬೇಕು, ಆರು ತೆರೆದಾಗ ಮೂರು, ನಾಲ್ಕು ತೆರೆದಾಗ ಐದು. ಯಾವಾಗಲೂ ಕೂಡಿದರೆ ಒಂಬತ್ತು. ಪುಸ್ತಕ ಬೇಡ, ಗುರುತು ಬೇಡ, ಹ್ಯಾಂಡಲ್ ತಿರುಗಿಸುತ್ತ ಹೋದರೆ ಎಂಟೂ ಮುಗಿಯುತ್ತವೆ. ಫೀಲರ್ ಗೇಜಿನ ಪಟ್ಟಿ ಎಳೆದಾಗ ಎಣ್ಣೆಯ ಹಿಡಿತವಷ್ಟೇ ಬೆರಳಿಗೆ ಸಿಗಬೇಕು. ಹಳೆಯ ರಾಕರಿನ ಮೂತಿಯಲ್ಲಿ ಕುಳಿ ಬಿದ್ದಿದ್ದರೆ ಪಟ್ಟಿ ಕುಳಿಯ ದಡದಿಂದ ದಡಕ್ಕೆ ಸೇತುವೆಯಾಗಿ, ಹದಿನೈದು ಎಂದು ತೋರಿಸಿದ್ದು ನಿಜದಲ್ಲಿ ಇಪ್ಪತ್ತಾಗಿರುತ್ತದೆ. ಸದ್ದು ಹೋಗದ ಟ್ಯಾಪೆಟ್ಟುಗಳ ಗುಟ್ಟು ಬಹಳ ಸಲ ಇದೇ. ಎಂಜಿನ್ ಎಬ್ಬಿಸಿದರೆ ಎಂಟೂ ವಾಲ್ವು ಮಾತಿಗೆ ಬಂದಿರುತ್ತವೆ. ಗಾಡಿಯವರು ಒಂದು ಸುತ್ತು ಏರು ಹತ್ತಿಸಿ ಬಂದು, ಪಿಕಪ್ ಬಂತೆಂದು ಒಪ್ಪಿ, ಬಾನೆಟ್ ಕಡೆ ಬೆರಳು ತೋರಿಸುತ್ತಾರೆ.

"ಆದ್ರೆ ಟಿಕಿಟಿಕಿ ಜಾಸ್ತಿ ಆಯ್ತಲ್ಲ ಮೇಸ್ತ್ರಿ?"

"ಅದನ್ನ ತಂದು ಕೊಡೋಕೇ ಸಾರ್ ಮೂರು ದಿನ ಆಗಿದ್ದು. ಐನೂರು ಕಿಲೋಮೀಟರ್ ಓಡಿಸ್ಕೊಂಡು ಬನ್ನಿ. ಹೆಡ್ ನಟ್ ಇನ್ನೊಂದ್ಸಲ ಟೈಟ್ ಮಾಡಿ, ಟ್ಯಾಪೆಟ್ ನೋಡ್ಬಿಡೋಣ. ಆಗ ದುಡ್ಡು ತಗೊಳ್ಳಲ್ಲ."